ಅರ್ಧ ಕಿಟಕಿ

ಮೊಫಿಜುಲ್ ಟೇಪು ಹಿಡಿದು ನಿಂತಿದ್ದಾನೆ, ಬಾಯಲ್ಲಿ ನಾಲ್ಕು ಮೊಳೆ.
ಶಾರ್ಜಾದ ರೋಲಾದಲ್ಲಿ, ಏಳನೇ ಮಾಳಿಗೆಯಲ್ಲಿ,
ನನ್ನ ಕೋಣೆ ಇವತ್ತು ಎರಡಾಗುತ್ತದೆ.
ನಡುವೆ ಒಂದು ಪ್ಲೈವುಡ್ಡು.
ಹಾಸಿಗೆಗೆ ಆರಡಿ, ಕಾಲಾಡಿಸಲು ಒಂದೂವರೆ,
ಇರುವುದೊಂದೇ ಎ.ಸಿ., ಅದಕ್ಕೆ ಮೇಲೆ ಗೇಣು ಜಾಗ ಬಿಟ್ಟಿದ್ದಾನೆ.
ಹಲಗೆ ಬಂದದ್ದು ಕಿಟಕಿಯ ನಟ್ಟನಡುವಿಗೆ:
ಎಡದ ಗಾಜು ನನಗೆ,
ಬಲದ್ದು ನಾಳೆ ಬರುವ ಯಾರಿಗೋ.

ಒಂಬತ್ತನೇ ಕ್ಲಾಸಿನಲ್ಲಿ ವಾರಿಜಾ ಟೀಚರು ಹೇಳಿದ್ದರು,
ಕೋಶ ಎಂದರೆ ಬೊಕ್ಕಸ, ಪದಗಳದ್ದೂ ಕೋಶವೇ.
ಇಂಗ್ಲಿಷಿನವನು ಮಾತ್ರ ಅದನ್ನು
ಪುಟ್ಟ ಕೋಣೆ ಎಂದು ಕರೆದನಂತೆ.
ಯಾರು ಸರಿ ಎಂದು ಅಂದು ಕೇಳಲಿಲ್ಲ.

ಲ್ಯಾಬಿನಲ್ಲಿ ನನ್ನದು ಎಣಿಸುವ ಕೆಲಸ.
ಹೆಸರಿಲ್ಲದ ರಕ್ತ ಬರುತ್ತದೆ, ಬಾರ್‌ಕೋಡ್ ಅಂಟಿಸಿಕೊಂಡು.
ಮೂರು ದಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತೇನೆ, ಮೂವತ್ತೇಳು ಡಿಗ್ರಿ.
ಹೊರಗೆ ನಲವತ್ತಾರು. ಈ ಊರಲ್ಲಿ
ಕಾವು ಕೊಡುವ ಪೆಟ್ಟಿಗೆಯೇ ತಂಪು.

ಕೋಶಕ್ಕೆ ಒಡೆಯುವ ಅವಸರವಿಲ್ಲ.
ಹಳೇ ಶಾನುಭೋಗರ ಹಾಗೆ ಕೂತು
ಮೊದಲು ಇಡೀ ಕಡತದ ನಕಲು ತೆಗೆಯುತ್ತದೆ,
ತಪ್ಪಿದ ಅಕ್ಷರ ತಾನೇ ತಿದ್ದುತ್ತದೆ
(ಎಲ್ಲವನ್ನೂ ಅಲ್ಲ; ಅದಕ್ಕೇ ನನಗೆ ಸಂಬಳ).
ಆಮೇಲೆ ಎಳೆಗಳು ಸುತ್ತಿ ಸುತ್ತಿ ಗಿಡ್ಡವಾಗುತ್ತವೆ,
ನಡುಮನೆಯ ಪೊರೆ ಕರಗುತ್ತದೆ,
ಎರಡು ತುದಿಯಿಂದ ಕದಿರಿನ ನೂಲು ಹೊರಟು
ಒಂದೊಂದರ ಸೊಂಟ ಹಿಡಿಯುತ್ತದೆ.
ಸಾಲಾಗಿ ನಿಲ್ಲುತ್ತವೆ ಎಲ್ಲ,
ಪಂಕ್ತಿಯಲ್ಲಿ ಕೂತು ಎಲೆ ಕಾಯುವವರ ಹಾಗೆ.
ಇನ್ನು ಎಳೆದರೆ ಆಯಿತು: ಇತ್ತ ಒಂದು ಇಡೀ ಕಡತ,
ಅತ್ತ ಒಂದು ಇಡೀ ಕಡತ.
ಅರ್ಧ ಕಿಟಕಿ ಯಾರಿಗೂ ಇಲ್ಲ.

ಅಲ್ಲೇ ನಾನು ತಡೆಯುತ್ತೇನೆ.
ಎರಡು ಹನಿ ಕಾಲ್ಸೆಮಿಡ್, ನೂಲೆಲ್ಲ ಮಾಯ.
ಬೇರೆಯಾಗಬೇಕಿದ್ದ ಎರಡೆಳೆ
ಸೊಂಟಕ್ಕೆ ಸೊಂಟ ಅಂಟಿಕೊಂಡೇ ಉಳಿಯುತ್ತವೆ.
ನೀರು ಕುಡಿಸಿ, ಉಬ್ಬಿಸಿ,
ಮೊಳದೆತ್ತರದಿಂದ ಗಾಜಿನ ಮೇಲೆ ಬೀಳಿಸಿದರೆ
ಟಪ್ಪೆಂದು ಒಡೆದು ಹರಡುತ್ತದೆ ಒಳಗಿನದೆಲ್ಲ.
ನೇರಳೆ ಬಣ್ಣ ಹಚ್ಚಿ ಎಣಿಸುತ್ತೇನೆ.
ನಲವತ್ತಾರು.
ನಲವತ್ತಾರು.
ಒಮ್ಮೊಮ್ಮೆ ನಲವತ್ತೇಳು. ಆ ದಿನ ಚಹಾ ಆರುತ್ತದೆ,
ನನ್ನ ಲೆಕ್ಕವೇ ತಪ್ಪಿರಲಿ ಎಂದು ಮತ್ತೆ ಮೊದಲಿಂದ.

ನಾನು ನಿಲ್ಲಿಸಿದ ಕೋಶ ಮುಂದೆಂದೂ ಎರಡಾಗುವುದಿಲ್ಲ.
ರಿಪೋರ್ಟಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಬಲದ ಗಾಜಿಗೆ ಹಿರುತ್ ಬಂದಳು,
ಒಂದು ಸೂಟ್‌ಕೇಸು, ಕರಿಮಣ್ಣಿನ ಕಾಫಿ ಹೂಜಿ.
ಮೇಲಿನ ಗೇಣು ಸಂದಿನಿಂದ
ಎ.ಸಿ. ಗಾಳಿ ಅವಳ ಕಡೆ ಹೋಗುತ್ತದೆ,
ಹುರಿದ ಬೀಜದ ವಾಸನೆ ನನ್ನ ಕಡೆ ಬರುತ್ತದೆ.
ಬಾಡಿಗೆಯೊಂದೇ ಕೋಶದಿಂದ ಕಲಿತದ್ದು:
ಒಡೆದರೂ ಇಬ್ಬರಿಗೂ ಇಡಿಯೇ.

ಗುರುವಾರ ರಾತ್ರಿ ಹಲಗೆ ಬಡಿದಳು. "ಬಸಲ್ ಫೀ?"
ಇದ್ದದ್ದು ಒಂದೇ ಈರುಳ್ಳಿ.
ಅಡ್ಡಕ್ಕೆ ಕೊಯ್ದೆ. ಕತ್ತಿಗೆ
ನಕಲು ತೆಗೆಯಲು ಬರುವುದಿಲ್ಲ.
ಬುಡದ ಕಡೆಯದು ಅವಳಿಗೆ,
ತಲೆಯ ಕಡೆಯದು ನನ್ನ ಸಾರಿಗೆ.

ಅವಳು ಮೇಲಿನೆರಡು ಸುತ್ತು ಮಾತ್ರ ಬಿಡಿಸಿಕೊಂಡು
ಉಳಿದ ಬುಡವನ್ನು ಲೋಟದ ನೀರಿಗೆ ಕೂರಿಸಿದಳಂತೆ.
ನನಗೆ ಗೊತ್ತಾದದ್ದು ವಾರ ಕಳೆದು,
ಎದುರು ಬ್ಯಾಂಕಿನ ಗಾಜುಗೋಡೆಯಲ್ಲಿ.
ಅಲ್ಲಿ ನಮ್ಮ ಕಿಟಕಿ ಇಡಿಯಾಗಿ ಕಾಣುತ್ತದೆ,
ಹಲಗೆ ಒಂದು ಗೆರೆಯಷ್ಟೇ.
ಈ ಕಡೆ ನಾನು, ತಲೆಗೆ ಟವೆಲು ಸುತ್ತಿಕೊಂಡು;
ಆ ಕಡೆ ಒಂದು ಕೈ, ಲೋಟದ ನೀರು ಬದಲಿಸುತ್ತ,
ನೀರಲ್ಲಿ ಬಿಳಿ ಬೇರು, ಬೆರಳುದ್ದ.

ಆ ತುದಿಯಲ್ಲಿ ಈಗ, ಈ ಬೆಳಗಿನಲ್ಲಿ,
ಯಾರೂ ತಡೆಯದೆ ಎಷ್ಟು ಎರಡಾಗುತ್ತಿವೆಯೋ.
ನಾನು ಎಣಿಸುವುದಿಲ್ಲ.
ಶುಕ್ರವಾರ, ರಜೆ.